ಕಾಯಿದೆ ಒಪ್ಪಿದ ಲಗ್ನಕ್ಕೆ ಠಾಣೆಯ ತಡೆ ಏಕೆ?

ಪ್ರಾಯಕ್ಕೆ ಬಂದ ಹುಡುಗ ಹುಡುಗಿ ತಾವಾಗಿ ಒಪ್ಪಿ ಲಗ್ನವಾದರೆ ಮೂರನೆಯವರ ಒಪ್ಪಿಗೆ ಬೇಕೆ? ಬೇಡವೆನ್ನುತ್ತದೆ ಕಾಯಿದೆ. ಬೇಕೆನ್ನುತ್ತವೆ ಮನೆ, ಜಾತಿ, ಎಷ್ಟೋ ಸಲ ಪೊಲೀಸ್ ಠಾಣೆ. ಇವುಗಳ ನಡುವೆ ಸಿಕ್ಕಿ ನುಗ್ಗಾಗುವವರು ಬಡವರ ಮಕ್ಕಳು.

1954ರ ವಿಶೇಷ ವಿವಾಹ ಕಾಯಿದೆ ಜಾತಿಯನ್ನೂ ಕೇಳುವುದಿಲ್ಲ, ಧರ್ಮವನ್ನೂ ಕೇಳುವುದಿಲ್ಲ. ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕೆನ್ನುತ್ತದೆ. ಹೆತ್ತವರಿಗೆ ಸಮ್ಮತವಿಲ್ಲದಿದ್ದರೆ ಸಂಬಂಧ ಕಡಿದುಕೊಳ್ಳಬಹುದು, ಬೆದರಿಸುವುದು ಹೊಡೆಯುವುದು ಕೂಡದೆಂದು ಸುಪ್ರೀಂ ಕೋರ್ಟು 2006ರಲ್ಲೇ ಹೇಳಿತು. 2018ರಲ್ಲಿ ಇಂಥ ಜೋಡಿಗಳ ರಕ್ಷಣೆಗೆ ಜಿಲ್ಲೆಗೊಂದು ವಿಶೇಷ ಘಟಕ ಬೇಕೆಂದಿತು. ಜಿಲ್ಲಾ ಕೇಂದ್ರಗಳಲ್ಲಿ ಆಶ್ರಯದ ಮನೆ ತೆರೆಯುವುದನ್ನು ಸರಕಾರಗಳು ಯೋಚಿಸಬೇಕೆಂದಿತು.

ಆದರೆ ಆ ಕಾಯಿದೆಯೇ ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಸಿಯುತ್ತದೆ. ಲಗ್ನದ ನೋಟೀಸನ್ನು ಕಚೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಅಂಟಿಸಿ 30 ದಿನ ಕಾಯಬೇಕು. ಯಾರು ಬೇಕಾದರೂ ತಕರಾರು ಹಾಕಬಹುದು. ಜಾತಿಯ ಮುಖಂಡರಿಗೆ ಸುದ್ದಿ ಮುಟ್ಟಲು ಅಷ್ಟು ದಿನವೂ ಬೇಕಿಲ್ಲ. ನೋಟೀಸು ಪ್ರಕಟಿಸುವುದು ಜೋಡಿಯ ಇಚ್ಛೆಗೆ ಬಿಟ್ಟದ್ದೆಂದು ಅಲಹಾಬಾದ್ ಹೈಕೋರ್ಟು 2021ರಲ್ಲಿ ಹೇಳಿತು. ಅದು ಉತ್ತರ ಪ್ರದೇಶದ ಮಾತಾಯಿತು.

ನಮ್ಮ ಬೆಳಗಾವಿ ಜಿಲ್ಲೆಯ ಮೊಕದ್ದಮೆಯನ್ನೇ ನೋಡಿರಿ. ಮಗಳು ಕಾಣೆಯಾಗಿದ್ದಾಳೆಂದು ತಂದೆ ಫಿರ್ಯಾದು ಕೊಟ್ಟರು. ಆಕೆ ಪ್ರಾಯದವಳು, ಕಲಿತವಳು, ಲಗ್ನವಾಗಿದ್ದೇನೆಂದು ತಿಳಿಸಿದಳು. ಆದರೂ ಠಾಣೆಗೇ ಬಂದು ಹೇಳಿಕೆ ಕೊಡಬೇಕೆಂದು ಅಧಿಕಾರಿ ಹಟ ಹಿಡಿದರು. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ಫಿರ್ಯಾದನ್ನು ರದ್ದುಮಾಡಿ, ಪೊಲೀಸರಿಗೆ ಈ ವಿಷಯದಲ್ಲಿ ತರಬೇತಿ ಕೊಡಬೇಕೆಂದಿತು. ಆ ದಂಪತಿ ದಿಲ್ಲಿಯ ಬಾಗಿಲು ತಟ್ಟಬಲ್ಲವರಾಗಿದ್ದರು. ಬೀಡಿ ಕಟ್ಟುವವಳ ಮಗಳು, ಗಿರಣಿಯ ಬದಲಿ ಕೆಲಸಗಾರ ಯಾವ ದಿಲ್ಲಿಗೆ ಹೋದಾರು?

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಲಗ್ನವಾಯಿತು; ತಂದೆಗಳಿಬ್ಬರೂ ಒಪ್ಪಿದ್ದರು, ಒಪ್ಪದ ಅರಸು ಅವರನ್ನು ಕೊಲ್ಲಿಸಿದನೆಂದು ಶರಣರ ಚರಿತ್ರೆ ಹೇಳುತ್ತದೆ. ಇಂದು ರಾಜ್ಯದ ಕಾಯಿದೆ ಒಪ್ಪುತ್ತದೆ, ತಂದೆಗಳು ಒಪ್ಪುವುದಿಲ್ಲ!

ತಂದೆಯ ನೋವು ಸುಳ್ಳೆಂದು ನಾವು ಹೇಳುವುದಿಲ್ಲ. ಮಗಳು ಮೋಸಹೋದಾಳೆಂಬ ಅಂಜಿಕೆ, ಉಳಿದ ಮಕ್ಕಳಿಗೆ ಸಂಬಂಧ ಕೂಡಿಬರದೆಂಬ ಚಿಂತೆ, ಅಂಗಡಿಗೆ ಜಾತಿಯವರು ಬರುವುದು ನಿಂತೀತೆಂಬ ಭಯ, ಎಲ್ಲವೂ ನಿಜ. ಆದರೆ ಸುಳ್ಳು ಅಪಹರಣದ ಫಿರ್ಯಾದು ಅದಕ್ಕೆ ಮದ್ದಲ್ಲ. ಲಗ್ನಕ್ಕಾಗಿ ಹೆಣ್ಣನ್ನು ಅಪಹರಿಸಿದನೆಂಬ ಅಪರಾಧಕ್ಕೆ 10 ವರ್ಷದವರೆಗೆ ಸೆರೆಯುಂಟು. ಅಳಿಯನನ್ನು ಸೆರೆಗೆ ಕಳಿಸಲು ಸಾಲ ಮಾಡಿ ವಕೀಲನಿಗೆ ಸುರಿದ ಮೇಲೂ ಕಟಕಟೆಯಲ್ಲಿ ತಂದೆಗೆ ಎದುರಾಗಿ ನಿಲ್ಲುವವಳು ಮಗಳೇ. ಗಿರಣಿಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ದುಡಿಯುವಾಗ, ಮುಷ್ಕರ ಹೂಡುವಾಗ ಕೇಳದ ಜಾತಿಯನ್ನು ಲಗ್ನದ ಚಪ್ಪರದಲ್ಲಿ ಮಾತ್ರ ಏಕೆ ಕೇಳಬೇಕು?

ಸರಕಾರವನ್ನು ನಾವು ಕೇಳುವುದು ಮೂರೇ ಮಾತು. ನೋಟೀಸು ಅಂಟಿಸುವ ಕಲಮು ಹೋಗಲಿ. ಪ್ರಾಯದ ಹೆಣ್ಣುಮಗಳ ಹೇಳಿಕೆಯನ್ನು ಆಕೆ ಇದ್ದಲ್ಲಿಯೇ ಪಡೆದು, ಒಪ್ಪಿ ಹೋದದ್ದು ನಿಜವಾದರೆ ಫಿರ್ಯಾದನ್ನು ಅಲ್ಲಿಗೇ ಮುಗಿಸಲಿ. ಆಶ್ರಯದ ಮನೆಗೆ ಪ್ರತಿ ಜಿಲ್ಲೆಯಲ್ಲೂ ಹಣ ತೆಗೆದಿಡಲಿ.

ನಮ್ಮ ಸಂಘಗಳ ಕೆಲಸವೂ ಒಂದಿದೆ. ಹೆದರಿ ಬಂದ ಜೋಡಿಯ ಜೊತೆ ಠಾಣೆಯ ತನಕ ಹೋಗಿ, ಹೇಳಿಕೆ ಮುಗಿಯುವವರೆಗೆ ಅಲ್ಲೇ ಕೂತಿರಲು ಇಬ್ಬರು ಬೇಕು. ಆ ಇಬ್ಬರು ನಮ್ಮೊಳಗಿನಿಂದಲೇ ಏಳಬೇಕು.