ಕಿರ್ಲೋಸ್ಕರರ ತಲೆಮಾರು, ಟರ್ನರನ ತಲೆಮಾರು

ಯಶವಂತಪುರದಲ್ಲಿ ಮೆಟ್ರೊ ಹತ್ತಿ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣದಲ್ಲಿ ಇಳಿಯುವ ಹುಡುಗರಲ್ಲಿ ಸೋಪಿನ ಕಾರ್ಖಾನೆಗೆ ಹೋಗುವವರು ಎಷ್ಟು ಮಂದಿಯೋ ಕಾಣೆ. ಒರಾಯನ್ ಮಾಲ್‌ಗಂತೂ ಸಾಲುಗಟ್ಟಿ ಹೋಗುತ್ತಾರೆ. 2012ರಲ್ಲಿ ಮಾಲ್ ತೆರೆಯಿತು. ಅದಕ್ಕೂ ಮುಂಚೆ ಅಲ್ಲಿದ್ದದ್ದು ಕಿರ್ಲೋಸ್ಕರ್ ಕಾರ್ಖಾನೆ. ಪಾಳಿ ಬಿಡುವ ಹೊತ್ತಿನ ಸೈಕಲ್ ಸಾಲನ್ನು ನೋಡಿದವರು ಮಲ್ಲೇಶ್ವರ, ರಾಜಾಜಿನಗರಗಳಲ್ಲಿ ಇನ್ನೂ ಇದ್ದಾರೆ.

ಅಮೆರಿಕದ ಫೋರ್ಡ್ ಮನೆತನದ ಕಥೆಯನ್ನು ಬಾಯಿಪಾಠ ಮಾಡಿರುವ ನಮ್ಮ ಎಂಬಿಎ ಮಕ್ಕಳಿಗೆ ಗುರ್ಲಹೊಸೂರು ಎಲ್ಲಿದೆ ಎಂದು ಕೇಳಿ ನೋಡಿ. ಬೆಳಗಾವಿ ಜಿಲ್ಲೆಯ ಆ ಊರಲ್ಲಿ 1869ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದರು. ಚಿತ್ರಕಾರನಾಗಬೇಕೆಂದು ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದರು. ಆದರೆ ಅವರ ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಕುಂಚ ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು. ಅಣ್ಣ ರಾಮಚಂದ್ರರಾಯರ ಜೊತೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ರಂಟೆ ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಮೊದಮೊದಲು ಅದನ್ನು ಮುಟ್ಟಲೇ ಇಲ್ಲ. ಕಡೆಗೆ ಉತ್ತರ ಕರ್ನಾಟಕದಲ್ಲಿ ರಂಟೆ ಎಂದರೆ ಕಿರ್ಲೋಸ್ಕರ ರಂಟೆ ಎನ್ನುವಂತಾಯಿತು. ಬೆಳಗಾವಿಯ ಜಾಗ ಪುರಸಭೆಯ ಪಾಲಾದಾಗ ಔಂಧ್ ಸಂಸ್ಥಾನದ ರಾಜ ಜಮೀನನ್ನೂ ಸಾಲವನ್ನೂ ಕೊಟ್ಟರು. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಜೈಲಿನಿಂದ ಬಿಡುಗಡೆಯಾದವರನ್ನು ಅಲ್ಲಿ ಕಾವಲಿಗೆ ಇಟ್ಟುಕೊಂಡರು ಎಂಬ ಸಂಗತಿ ನನಗೆ ಅವರ ರಂಟೆಗಿಂತ ದೊಡ್ಡದಾಗಿ ಕಾಣುತ್ತದೆ.

ಮುಂದಿನದು ಬೇಗ ಬೆಳೆದ ಸಂಸಾರ. ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಓದಿ ಬಂದರು. 1941ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಹರಿಹರದಲ್ಲಿ ಲೇತ್ ಮಾಡುವ ಮೈಸೂರು ಕಿರ್ಲೋಸ್ಕರ್ ಬಂತು. 1946ರಲ್ಲಿ ಇನ್ನೊಬ್ಬ ಮಗ ರವಿ ಬೆಂಗಳೂರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಟ್ಟಿದರು, ಮೋಟರುಗಳಿಗೆ ಹೆಸರಾದ ಕಂಪನಿ. 1997ರಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್. ಅದನ್ನು ತಂದ ವಿಕ್ರಮ್ ನಾಲ್ಕನೆಯ ತಲೆಮಾರು. 2022ರ ನವೆಂಬರ್ 29ರಂದು ಅವರು ತೀರಿಕೊಂಡರು, ಮರುದಿನ ಹೆಬ್ಬಾಳದ ಚಿತಾಗಾರದಲ್ಲಿ ಅಂತ್ಯಕ್ರಿಯೆಯಾಯಿತು. ಹೊಣೆ ಮಗಳು ಮಾನಸಿಗೆ ಬಂತು. ಇದೇ ಮನೆತನದ ಪುಣೆ ಕಡೆಯ ಸೋದರರು 2009ರಲ್ಲಿ ಪತ್ರ ಬರೆದುಕೊಂಡು ಪಾಲಾದರು, ಆ ಪತ್ರದ ಅರ್ಥವೇನೆಂದು ತಿಳಿಯಲು ಸುಪ್ರೀಂ ಕೋರ್ಟ್‌ವರೆಗೂ ಹೋದರು. ಫೋರ್ಡ್ ಮನೆಯವರು ವಿಶೇಷ ಷೇರುಗಳ ಬಲದಿಂದ ಕಂಪನಿಯ ಶೇ 40ರಷ್ಟು ಮತವನ್ನು ಇವತ್ತಿಗೂ ಕೈಯಲ್ಲಿ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಹೊಲ ಹಂಚಿದಂತೆ ಕಂಪನಿ ಹಂಚುತ್ತೇವೆ.

ಉದ್ಯಮಿ ಮನೆತನದ ಚರಿತ್ರೆ ಎಂದರೆ ಹೀಗೆಯೇ, ಯಾರ ಮಗ ಯಾರು, ಯಾರಿಗೆ ಯಾವ ಕಂಪನಿ. ಹರಿಹರದ ಲೇತ್ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಅಲ್ಲಿಯ ಟರ್ನರ್, ಫಿಟ್ಟರ್‌ಗಳ ತಲೆಮಾರುಗಳನ್ನು ಎಣಿಸಿದವರು ಯಾರು? ರಾಜರು, ಸಂಸ್ಥಾನಗಳು ಇಂಬು ಕೊಟ್ಟು ಬೆಳೆಸಿದ ಮನೆತನವಿದು, ಸ್ವಂತ ಬೆವರೊಂದರಿಂದಲೇ ಆದದ್ದಲ್ಲ. ಊರ ನಡುವಿನ ಕಾರ್ಖಾನೆ ಹೊರಗೆ ಹೋಗುವುದು ತಪ್ಪೇನಲ್ಲ. ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಚೇರಿ ಈಗ ಪೀಣ್ಯದಲ್ಲಿದೆ. ಆದರೆ ಈಗ ಒರಾಯನ್ ಮಾಲ್ ಇರುವಂಥ ನೆಲಕ್ಕೆ ಬೆಲೆ ತಂದದ್ದು ರಸ್ತೆ, ನೀರು, ರೈಲು ಮತ್ತು ಸುತ್ತ ಬೆಳೆದ ಊರು. ಮಾರುವಾಗ ಆ ಊರಿಗೆ, ಅಲ್ಲಿ ದುಡಿದವರಿಗೆ ಒಂದು ಪಾಲು ಇರಬೇಕೆಂದು ನಮ್ಮ ಕಾನೂನು ಕೇಳುವುದಿಲ್ಲ. ಕೇಳಬೇಕು ಎನ್ನುವವನು ನಾನು. ಉಳಿದದ್ದು ಹೆಸರು ಮಾತ್ರ, ಹೆಸರಘಟ್ಟ ರಸ್ತೆಯ ಕಿರ್ಲೋಸ್ಕರ್ ಲೇಔಟ್ ಇದೆಯಲ್ಲ, ಹಾಗೆ.

ಇದೇ ಮಲ್ಲೇಶ್ವರದಲ್ಲಿ 1936ರ ಮೈಸೂರು ಲ್ಯಾಂಪ್ಸ್ ಕಾರ್ಖಾನೆಯ ಜಾಗ ಇದೆ, ಅದು ಸರ್ಕಾರದ್ದು. ಅಲ್ಲೊಂದು ಸಾಂಸ್ಕೃತಿಕ ತಾಣ ಮಾಡುವ ಮಾತು ವರ್ಷಗಳ ಹಿಂದೆಯೇ ಕೇಳಿಬಂದಿತ್ತು. ಮಾಡುವುದಾದರೆ ಹರಿಹರದ ಒಂದು ಲೇತ್ ತಂದಿಡಲಿ. ಉದ್ಘಾಟನೆಗೆ ಮಂತ್ರಿಯ ಪಕ್ಕದ ಕುರ್ಚಿಯಲ್ಲಿ ಅದನ್ನು ನಡೆಸಿದವನು ಕೂರಲಿ.