ಬಣ್ಣವೂ ಇತಿಹಾಸದ ಸಾಕ್ಷಿ

ಯುದ್ಧವಾಹನಗಳ ಸಂಗ್ರಹಮಾದರಿಗೆ ಯಾವ ಬಣ್ಣ ಬಳಿದರೂ ನಡೆಯುತ್ತದೆ, ಅದು ಸಂಗ್ರಾಹಕರ ಇಷ್ಟ ಎಂಬ ಪ್ರಕಟಿತ ಅಭಿಪ್ರಾಯವನ್ನು ಒಪ್ಪಲಾಗದು. ಜರ್ಮನ್ ಸೇನೆ ತನ್ನ ಟ್ಯಾಂಕುಗಳ ಮೂಲಬಣ್ಣವನ್ನು ಕಡುಬೂದಿಯಿಂದ ಕಡುಹಳದಿಗೆ ಬದಲಿಸಿದ್ದು 1943ರ ಫೆಬ್ರವರಿಯಲ್ಲಿ. 1941ರ ರಷ್ಯಾ ರಣರಂಗದ ಟ್ಯಾಂಕಿಗೆ ಆ ಹಳದಿ ಬಳಿದರೆ ಕಾಲವೇ ತಪ್ಪುತ್ತದೆ. ದೇವರ ವಿಗ್ರಹದ ವಿಷಯದಲ್ಲೂ ಹೀಗೆಯೇ: ಹರಿಹರದ ಹರಿಹರೇಶ್ವರನ ಬಲಭಾಗ ಹರ, ಎಡಭಾಗ ಹರಿ. ಅದಲುಬದಲು ಮಾಡಿ ಕೆತ್ತಿದ ಪ್ರತಿಕೃತಿಯನ್ನು ದಾವಣಗೆರೆಯ ಭಕ್ತರು ಒಪ್ಪಿಯಾರೆ?

ಬಿಸಿಲು, ಧೂಳಿಗೆ ಬಣ್ಣ ಮಾಸುತ್ತಿತ್ತು, ಕಪ್ಪು-ಬಿಳುಪು ಫೋಟೊದಲ್ಲಿ ಛಾಯೆ ತಿಳಿಯದು ಎಂಬ ಆಕ್ಷೇಪ ನಿಜವೇ. ಆದರೆ ಆ ಅನುಮಾನ ಛಾಯೆಗಷ್ಟೇ ಸೀಮಿತ. ಬೂದಿಯೋ ಹಳದಿಯೋ ಎಂಬುದನ್ನು ಸೇನೆಯ ಆದೇಶವೇ ಹೇಳುತ್ತದೆ. ಕಲ್ಪನೆಗೆ ಅಡ್ಡಿಯಿಲ್ಲ, ಪೀಠದ ಮೇಲೆ ಇಸವಿ, ಪಡೆಯ ಹೆಸರು ಬರೆದ ಮೇಲೆ ಮಾತ್ರ ಬಣ್ಣವೂ ಆ ಇಸವಿಯದ್ದೇ ಆಗಿರಬೇಕು.