ನಿಧಾನವಾಗಿ ತೂಗುವ ದೋಣಿ ಹೆಚ್ಚು ಸುರಕ್ಷಿತವೇ?

ದೋಣಿ ಪಟಪಟ ಅಲುಗಿದರೆ ಅಪಾಯ, ತೊಟ್ಟಿಲಿನಂತೆ ಮೆಲ್ಲಗೆ ತೂಗಿದರೆ ಭಯವಿಲ್ಲ. ದೋಣಿ ಹತ್ತುವ ನಮ್ಮಲ್ಲಿ ಹಲವರ ನಂಬಿಕೆ ಇದು. ನಿಜ ಎಷ್ಟೋ ಸಲ ಉಲ್ಟಾ.

2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಕಾರವಾರಕ್ಕೆ ಮರಳುತ್ತಿದ್ದವರ ದೋಣಿ ಮಗುಚಿ 16 ಜನ ತೀರಿಕೊಂಡರು. ಆಗ ಎಲ್ಲರೂ ಕೇಳಿದ್ದು, ದೋಣಿಯಲ್ಲಿ ಎಷ್ಟು ಜನ ಇದ್ದರು ಎಂದು. ಕೇಳಲೇಬೇಕಾದ ಪ್ರಶ್ನೆಯೇ. ಆದರೆ ಯಾವುದೇ ದೋಣಿಯ ವಿಷಯದಲ್ಲಿ ಇನ್ನೊಂದು ಪ್ರಶ್ನೆಯೂ ಇದೆ: ಆ ತೂಕ ಎಲ್ಲಿ ಕೂತಿದೆ?

ತೂಕ ಮೇಲಕ್ಕೆ ಹೋದಷ್ಟೂ ವಾಲಿದ ದೋಣಿ ಮತ್ತೆ ನೆಟ್ಟಗಾಗುವ ಬಲ ಕಡಿಮೆಯಾಗುತ್ತದೆ. ತೂಕ ನಡುವಿನಿಂದ ಅಂಚಿಗೆ ಹೋದಷ್ಟೂ ದೋಣಿ ಹೊರಳಲೂ ತಡ, ಹೊರಳಿದ ಮೇಲೆ ನಿಲ್ಲಲೂ ತಡ. ಈ ಎರಡನೆಯದಕ್ಕೇ ಮೊಮೆಂಟ್ ಆಫ್ ಇನರ್ಷಿಯಾ ಅನ್ನುವುದು. ತೂಕವನ್ನು ದೂರದ ವರ್ಗದಿಂದ ಗುಣಿಸಿದರೆ ಅದು ಸಿಗುತ್ತದೆ. ತಲಾ 60 ಕೆ.ಜಿ.ಯ ಹತ್ತು ಜನ ನಡುಗೆರೆಯಿಂದ 30 ಸೆಂ.ಮೀ. ದೂರದಲ್ಲಿ ಕೂತರೆ 54, ಎರಡೂ ಅಂಚಿಗೆ ಸರಿದು ಒಂದು ಮೀಟರ್ ದೂರ ಕೂತರೆ 600. ಜನ ಅವರೇ, ತೂಕವೂ ಅಷ್ಟೇ. ಲೆಕ್ಕ ಮಾತ್ರ ಹನ್ನೊಂದು ಪಟ್ಟು!

ಹಾಗಾಗಿ ದೋಣಿ ನಿಧಾನ ತೂಗಲು ಎರಡು ಕಾರಣ ಇರಬಹುದು. ತೂಕ ಅಗಲಕ್ಕೆ ಹರಡಿರಬಹುದು, ಇಲ್ಲವೇ ನೆಟ್ಟಗಾಗುವ ಬಲವೇ ಸೋತಿರಬಹುದು. ಭಯಪಡಬೇಕಾದದ್ದು ಎರಡನೆಯದಕ್ಕೆ. ಆ ಬಲ ಕಾಲು ಭಾಗಕ್ಕೆ ಇಳಿದರೆ ತೂಗುವ ಸಮಯ ದುಪ್ಪಟ್ಟಾಗುತ್ತದೆ. ಹೊರಟಾಗ ಎರಡು ಸೆಕೆಂಡಿಗೊಮ್ಮೆ ತೂಗುತ್ತಿದ್ದ ದೋಣಿ, ಜನ ಎದ್ದು ನಿಂತ ಮೇಲೆ ನಾಲ್ಕು ಸೆಕೆಂಡು ತೆಗೆದುಕೊಂಡರೆ, ಒಂದು ಬದಿಗೆ ವಾಲಿ ಅಲ್ಲೇ ಕ್ಷಣ ತಡೆದಂತೆ ಕಂಡರೆ, ಅದು ತೊಟ್ಟಿಲಲ್ಲ. ಸೆಲ್ಫಿಗೆಂದು ನಿಂತವರು ತಕ್ಷಣ ಕೂರಬೇಕು, ಅದೂ ಎಲ್ಲರೂ ಒಂದೇ ಬದಿಗೆ ನುಗ್ಗದೆ.

ದೋಣಿ, ಹಡಗು ವಿನ್ಯಾಸ ಮಾಡುವವರು ಇದನ್ನೆಲ್ಲ ಮೊದಲು ಕಂಪ್ಯೂಟರಿನಲ್ಲಿ ತೇಲಿಸಿ ನೋಡುತ್ತಾರೆ. ಅಲ್ಲಿ ಸುಲಭವಾಗಿ ಆಗುವ ತಪ್ಪೊಂದಿದೆ: ದೋಣಿಯನ್ನು ಗಟ್ಟಿ ಮರದ ದಿಮ್ಮಿಯಂತೆ ಲೆಕ್ಕ ಹಾಕುವುದು. 2.5 ಮೀಟರ್ ಅಗಲ, ಒಂದು ಮೀಟರ್ ಎತ್ತರ, 3 ಟನ್ ತೂಕದ ದಿಮ್ಮಿಗೆ ಉತ್ತರ ಸುಮಾರು 1,800. ಆದರೆ ನಿಜವಾದ ದೋಣಿ ಒಳಗೆ ಟೊಳ್ಳು, ತೂಕದ ಬಹುಪಾಲು ಪಕ್ಕೆ ಮತ್ತು ತಳದಲ್ಲಿ. ಅಗಲದ 0.35ರಿಂದ 0.4ರಷ್ಟು ದೂರ ಹಿಡಿಯುವುದು ರೂಢಿ, ಆಗ ಉತ್ತರ 2,300ರಿಂದ 3,000. ದಿಮ್ಮಿಯ ಲೆಕ್ಕ ನಂಬಿದರೆ ಪರದೆಯ ಮೇಲಿನ ದೋಣಿ ಬೇಗ ಬೇಗ ತೂಗುತ್ತದೆ, ಅಸಲಿಗಿಂತ ಗಟ್ಟಿಮುಟ್ಟಾಗಿ ಕಾಣುತ್ತದೆ. ಯಾವ ಅಲೆಗೆ ಅದರ ತೂಗಾಟ ತಾಳ ಸೇರಿ ಹೆಚ್ಚುತ್ತದೆ ಅನ್ನುವುದೂ ತಪ್ಪುತ್ತದೆ. ಸುತ್ತಲಿನ ನೀರನ್ನೂ ದೋಣಿ ತಳ್ಳಬೇಕಲ್ಲ, ಆ ಭಾರವನ್ನು ಬೇರೆಯಾಗಿ ಕೂಡಿಸಬೇಕು.

ದೋಣಿಯ ತಳದಲ್ಲಿ ನಿಂತ ನೀರಿನ ಕಥೆಯೇ ಬೇರೆ. ಬೇಲೆಕೇರಿಯ ಮೀನುಗಾರರು ನೀರು ಎತ್ತಿ ಹೊರಗೆ ಚೆಲ್ಲುವುದು ತೂಕ ಇಳಿಸಲು ಮಾತ್ರ ಎಂದುಕೊಳ್ಳಬೇಡಿ. ಆ ನೀರು ಒಂದೆಡೆ ಕೂರುವ ಸರಕಲ್ಲ. ದೋಣಿ ಎತ್ತ ವಾಲುತ್ತದೋ ಅದೂ ಅತ್ತಲೇ ಓಡಿ ಇನ್ನಷ್ಟು ವಾಲಿಸುತ್ತದೆ. ಪಾದ ಮುಳುಗುವಷ್ಟು ನೀರು ತಳದ ಅಗಲಕ್ಕೂ ಹರಡಿದ್ದರೆ ಸಣ್ಣ ದೋಣಿಗೆ ಅಷ್ಟೇ ಸಾಕು.